ಯಾರ ಸೊಂಟದ ಪಿಸ್ತೂಲು

1520ರಲ್ಲಿ ರಾಯಚೂರು ಕೋಟೆಗೆ ಮುತ್ತಿಗೆ ಬಿದ್ದಿತ್ತು. ಕೃಷ್ಣದೇವರಾಯನ ಆಳುಗಳು ಹಾರೆ ಗುದ್ದಲಿ ಹಿಡಿದು ಗೋಡೆ ಕೀಳುತ್ತಿದ್ದರು. ಕಿತ್ತ ಕಲ್ಲಿಗೆ ಗಾತ್ರ ನೋಡಿ ಹಣ ಸಿಗುತ್ತಿತ್ತು. ಆದಿಲಶಾಹಿ ಸಿಪಾಯಿಗಳು ಮೇಲೆ ನಿಂತು ಕಲ್ಲು ಎಸೆಯುತ್ತ, ಬಾಣ ಬಿಡುತ್ತ, ಅಂಜಿಕೆಯಿಲ್ಲದೆ ಓಡಾಡುತ್ತಿದ್ದರು. ಆ ಹೊತ್ತಿಗೆ ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ, ತನ್ನ ಜೊತೆಯ ಇಪ್ಪತ್ತು ಕೋವಿಗಾರರನ್ನು ಕರೆದುಕೊಂಡು ರಾಯನ ಕಡೆ ಸೇರಿಕೊಂಡ. ಗೋಡೆಯ ಮೇಲೆ ತಲೆ ಕಂಡರೆ ಸಾಕು, ಗುಂಡು. ಕೊನೆಗೆ ಕೋಟೆಯ ಅಧಿಕಾರಿಯೇ, ಇವರೆಲ್ಲಿಂದ ಹೊಡೆಯುತ್ತಿದ್ದಾರೆ ನೋಡೋಣವೆಂದು, ತೆನೆಗಂಡಿಯಿಂದ ಹೊರಗೆ ಬಾಗಿದ. ಗುಂಡು ಹಣೆಗೆ ಬಿತ್ತು. ಅವನು ಸತ್ತ ಮೇಲೆ ಊರು ಶರಣಾಯಿತು. ಸುಮಾರು ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿದ್ದ ಫೆರ್ನಾವ್ ನೂನಿಜ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಕೊಡುವ ಸೈನ್ಯದ ಲೆಕ್ಕ ನಂಬಲು ಕಷ್ಟ, ಏಳು ಲಕ್ಷ ಕಾಲಾಳು ಎನ್ನುತ್ತಾನೆ. ಹಣೆಗೆ ಬಿದ್ದ ಆ ಒಂದು ಗುಂಡನ್ನು ಮಾತ್ರ ನಾನು ನಂಬುತ್ತೇನೆ.

ಕೋಟೆ ಈಗ ಊರಿನ ಹೊಟ್ಟೆಯೊಳಗಿದೆ. ಬಸ್ ನಿಲ್ದಾಣದ ಗದ್ದಲ ಗೋಡೆಗೇ ಬಂದು ಬಡಿಯುತ್ತದೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದನೆಂದು ಹೇಳುವ ಶಾಸನ, ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲಿದೆ. ಅಂಥ ಕಲ್ಲನ್ನು ಕೋಣಗಳ ಸಾಲು ಕಟ್ಟಿ ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. ಕಟ್ಟಿದವರ ಬೆವರಿಗೆ ಹೀಗೊಂದು ದಾಖಲೆ ಸಿಗುವುದು ಅಪರೂಪ.

ಬೆಟ್ಟದ ಮೇಲೆ ಹಳೆಯ ತೋಪಿದೆ. ನಾನು ಹೋದ ಸಂಜೆ ಅದರ ಸುತ್ತ ನಾಲ್ಕಾರು ಹುಡುಗರಿದ್ದರು. ಒಬ್ಬ ತೋಪಿನ ಮೇಲೆ ಕಾಲಿಟ್ಟು, ಎರಡು ಬೆರಳು ಚಾಚಿ ಪಿಸ್ತೂಲು ಮಾಡಿ ಕ್ಯಾಮೆರಾದ ಕಡೆ ಗುರಿ ಹಿಡಿದಿದ್ದ. ಇನ್ನೊಬ್ಬ ಮೊಬೈಲಿನಲ್ಲಿ ಅದಕ್ಕೊಂದು ಸಿನಿಮಾ ಡೈಲಾಗು ಹೊಂದಿಸುತ್ತಿದ್ದ. ಮಾತಿಗೆ ಎಳೆದೆ. ಪಿಯುಸಿ ಮುಗಿಸಿ ಗಂಜಿನಲ್ಲಿ ಹತ್ತಿ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವ ಹುಡುಗನ ವಾಟ್ಸಾಪ್ ಡಿಪಿಯಲ್ಲಿ ನಿಜವಾದ ಪಿಸ್ತೂಲಿನ ಚಿತ್ರವೇ ಇತ್ತು.

“ನಂದಲ್ರೀ ಸರ, ನೆಟ್ಟಿನ್ಯಾಗಿಂದು,” ಎಂದ. ಕೇಳುವ ಮೊದಲೇ ಹೇಳಿದ್ದರಿಂದ, ಈ ಪ್ರಶ್ನೆ ಅವನಿಗೆ ಹೊಸದಲ್ಲ ಎನಿಸಿತು.

“ಪೊಲೀಸರು ಏನೂ ಅನ್ನಲ್ಲೇನಪ?”

“ಒಮ್ಮಿ ಕರಸಿದ್ರು. ಡಿಪಿ ತಗಿಸಿದ್ರು, ಎರಡು ಬಿಟ್ರು. ಮತ್ತ ಹಾಕ್ಕೊಂಡೀನಿ.”

ಉಳಿದವರು ನಕ್ಕರು. ಬೆಂಗಳೂರಿನಲ್ಲಿ 2025ರ ಮಾರ್ಚ್‌ನಲ್ಲಿ ಬಿಗ್‌ಬಾಸ್‌ನಿಂದ ಹೆಸರಾದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಬಸವೇಶ್ವರನಗರ ಠಾಣೆ ಹತ್ತಿದ್ದು ಇವರಿಗೆ ಬಾಯಿಪಾಠವಾಗಿತ್ತು. ಅದು ಫೈಬರಿನದೋ ಕಬ್ಬಿಣದ್ದೋ ಎಂದು ಆಗ ಟಿವಿಗಳಲ್ಲಿ ನಡೆದ ವಾದವನ್ನು ಇವರಿನ್ನೂ ಬಿಟ್ಟಿರಲಿಲ್ಲ. ಆಯುಧ ನಿಜವೋ ಸುಳ್ಳೋ ಎನ್ನುವುದಕ್ಕಿಂತ, ಹಿಡಿದವರಿಗೆ ಠಾಣೆಯಲ್ಲಿ ಚಹಾ ಕೊಟ್ಟರೋ ಇಲ್ಲವೋ ಎನ್ನುವುದರ ಬಗ್ಗೆಯೇ ಅವರ ಕುತೂಹಲ ಹೆಚ್ಚು. ಹುಡುಗರು ಸರಿಯಾದ ಪ್ರಶ್ನೆಯನ್ನೇ ಹಿಡಿದಿದ್ದರು.

ಕಾನೂನು ಕಾಗದದ ಮೇಲೆ ಸರಳವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ತುಂಬದವರ ಕೈಗೆ ಬಂದೂಕು ಕೊಡುವಂತಿಲ್ಲ. ತುಂಬಿದವರೂ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಠಾಣೆಯಿಂದ ವರದಿ ಹೋಗಬೇಕು, ಜೀವಕ್ಕೆ ಬೆದರಿಕೆ ಏನಿದೆ ಎಂದು ಮನದಟ್ಟು ಮಾಡಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಪರವಾನಗಿ ಐದು ವರ್ಷಕ್ಕೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಪಕ್ಕದವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಇದ್ದವನು ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು ಓಡಾಡಬಹುದು, ನಾಲ್ಕು ಮಂದಿಯ ನಡುವೆ ತೆಗೆದು ಝಳಪಿಸುವಂತಿಲ್ಲ ಎನ್ನುತ್ತವೆ 2016ರ ನಿಯಮಗಳು. ಆದರೂ ಮಂತ್ರಿಗಳ, ಗುತ್ತಿಗೆದಾರರ ಹಿಂದೆ ಬರುವ ಖಾಸಗಿ ಗನ್‌ಮ್ಯಾನ್‌ಗಳ ಹೆಗಲ ಬಂದೂಕು ನೋಡಿದಾಗ ಯಾವ ಪೇದೆಗೂ ಈ ನಿಯಮ ನೆನಪಾಗುವುದನ್ನು ನಾನು ಕಂಡಿಲ್ಲ.

ರಾಯಚೂರಿನ ಪರಿಚಯದ ಮನೆಯೊಂದರಲ್ಲಿ ರಾತ್ರಿ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆ ಮನೆಯ ಮಗ ಟೆಕ್ಸಾಸಿನ ಡಲ್ಲಾಸ್ ಬಳಿ ಇದ್ದಾನೆ. ಬಂದೂಕು ಯಾರು ಹಿಡಿಯಬಹುದು ಎಂದು ಕೇಳುತ್ತ ಹೊರಟ ನನ್ನ ತಿರುಗಾಟದ ವಿಷಯ ವಿಡಿಯೊ ಕರೆಯಲ್ಲಿ ಕೇಳಿ ನಗತೊಡಗಿದ. ಅಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಕಾನೂನಿನ ತಡೆಯಿಲ್ಲದ ಯಾರು ಬೇಕಾದರೂ ಪರವಾನಗಿಯಿಲ್ಲದೆ ಸೊಂಟದಲ್ಲಿ ಪಿಸ್ತೂಲು ಕಾಣುವಂತೆ ಓಡಾಡಬಹುದು. ಹದಿನೆಂಟರಿಂದ ಇಪ್ಪತ್ತರ ಹುಡುಗರನ್ನು ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಮರುವರ್ಷ ಫೆಡರಲ್ ನ್ಯಾಯಾಲಯವೂ ಹೇಳಿತು. ಕಿರಾಣಿ ಅಂಗಡಿಯಲ್ಲಿ ತನ್ನ ಮುಂದೆ ಸಾಲಿನಲ್ಲಿ ನಿಂತವನ ಸೊಂಟ ನೋಡಿ ಮೊದಮೊದಲು ಕೈಕಾಲು ತಣ್ಣಗಾಗುತ್ತಿದ್ದವಂತೆ. “ಈಗ ನೋಡಂಗಿಲ್ರೀ ಕಾಕಾ. ಆದ್ರ ಪೊಲೀಸ್ರು ಗಾಡಿ ನಿಲ್ಲಸಿದ್ರ ಮಾತ್ರ ಎರಡೂ ಕೈ ಸ್ಟೇರಿಂಗ್ ಮ್ಯಾಲೆ.” ಅವನ ಹತ್ತಿರ ಬಂದೂಕಿಲ್ಲ. ಕೈ ಮಾತ್ರ ಸ್ಟೇರಿಂಗ್ ಮೇಲೆ.

ಫಿಲಾಂಡೊ ಕ್ಯಾಸ್ಟಿಲ್ ನೆನಪಾದ. 2016ರ ಜುಲೈ 6ರಂದು ಮಿನೆಸೋಟಾದಲ್ಲಿ ಪೊಲೀಸರು ಕಾರು ತಡೆದಾಗ, ತನ್ನ ಹತ್ತಿರ ಬಂದೂಕು ಇದೆ ಎಂದು ಅವನೇ ವಿನಯದಿಂದ ಹೇಳಿದ. ಪರವಾನಗಿಯೂ ಇತ್ತು. ಕೆಲವೇ ಕ್ಷಣದಲ್ಲಿ ಅಧಿಕಾರಿ ಗುಂಡು ಹಾರಿಸಿದ. ಸತ್ತ ಕ್ಯಾಸ್ಟಿಲ್ ಕಪ್ಪು ಜನಾಂಗದವನು. ಹೊಡೆದ ಅಧಿಕಾರಿ ಮುಂದಿನ ವರ್ಷ ಖುಲಾಸೆಯಾದ. ಹಕ್ಕು ಎಲ್ಲರಿಗೂ ಇದೆ ಎಂದು ಬರೆದುಕೊಂಡ ದೇಶದಲ್ಲೂ, ಅದು ಯಾರ ಸೊಂಟದಲ್ಲಿದೆ ಎನ್ನುವುದನ್ನು ಪೊಲೀಸಿನವನ ಕಣ್ಣೇ ತೀರ್ಮಾನಿಸುತ್ತದೆ.

ಮಾತು ಕೇಳುತ್ತ ಕೂತಿದ್ದ ಆ ಮನೆಯ ಅಜ್ಜ, ಅವರಿಗೆ ಎಂಬತ್ತು ದಾಟಿ ಎಷ್ಟಾಗಿದೆಯೋ ಅವರಿಗೇ ಗೊತ್ತಿಲ್ಲ, ನಿಜಾಮನ ಕಾಲಕ್ಕೆ ಹೋದರು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ನಿಜಾಮನ ಪರ ನಿಂತ ರಜಾಕಾರ ಪಡೆಯ ಹರೆಯದವರು ಕತ್ತಿ, ಭರ್ಚಿ, ಬಂದೂಕು ಹಿಡಿದು ಹಗಲಲ್ಲೇ ಕವಾಯತು ಮಾಡುತ್ತಿದ್ದರಂತೆ, ಪೊಲೀಸರು ರಸ್ತೆ ಬಿಟ್ಟು ಕೊಡುತ್ತಿದ್ದರಂತೆ. ಅದೇ ಹೊತ್ತಿಗೆ ಮುಂಬೈ ಪ್ರಾಂತದ ಗಡಿಯ ಶಿಬಿರಗಳಲ್ಲಿ ಕೂತ ನಮ್ಮ ಕಡೆಯ ಹರೆಯದವರೂ ಆಯುಧ ಕೂಡಿಹಾಕುತ್ತಿದ್ದರು. ಇವರು ಸಿಕ್ಕರೆ ಜೈಲು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯ ಬಂದು ಎಲ್ಲ ತಿರುಗುಮುರುಗಾಯಿತು. ಸೈನ್ಯ ಬಂದದ್ದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರು. ಆಮೇಲೆ ಏನೂ ಮಾಡದ ಎಷ್ಟೋ ಬಡ ಮುಸ್ಲಿಮರೂ ಏಟು ತಿಂದರು ಎಂದು ಅಜ್ಜ ದನಿ ತಗ್ಗಿಸಿ ಹೇಳಿದರು. ನಮ್ಮ ವಿಮೋಚನೆಯ ಭಾಷಣಗಳಲ್ಲಿ ಆ ಭಾಗ ಬರುವುದೇ ಕಡಿಮೆ.

ಬೆಳಿಗ್ಗೆ ಮಾನ್ವಿ ಬಸ್ಸು. ನೀರಮಾನ್ವಿಯ ಕಡೆ ಸಾಗುತ್ತಿದ್ದಂತೆ ಎಡಬಲಕ್ಕೆ ಭತ್ತ, ಅಲ್ಲಲ್ಲಿ ಹತ್ತಿ. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಯ ಬಣ್ಣವನ್ನೇ ಬದಲಿಸಿದೆ. ನೀರು ಕೊನೆಯ ಭಾಗಕ್ಕೆ ಬರುವುದಿಲ್ಲ ಎಂಬ ಜಗಳವನ್ನೂ ಅದೇ ತಂದಿದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು ಮಾನ್ವಿ. ವಿಜಯದಾಸರ ಚೀಕಲಪರ್ವಿ ಇದೇ ತಾಲೂಕಿನ ತುಂಗಭದ್ರೆಯ ದಂಡೆ. ಈಗ ಆ ದಂಡೆಯ ಮರಳಿಗೆ ದಾಸರ ಪದಗಳಿಗಿಂತ ಬೆಲೆ ಜಾಸ್ತಿ.

ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅಂಗಡಿಯವರಿಗೆ ನಾನು ಬಂದ ಕಾರಣ ಕೇಳಿ ಬೇಸರವೇ ಆಯಿತು. “ಪಿಸ್ತೂಲು ಕೇಳಾಕ ಇಲ್ಲೀತನ ಬಂದ್ರಿ? ಟಿಪ್ಪರ್ ನೋಡ್ರಿ ನಮ್ಮೂರಾಗ.” ತಮಾಷೆ ಮಾಡುತ್ತಿದ್ದಾರೆಂದುಕೊಂಡೆ, ಮುಖ ನೋಡಿದರೆ ಅಲ್ಲ. 2018ರ ಡಿಸೆಂಬರ್‌ನಲ್ಲಿ ಇದೇ ತಾಲೂಕಿನಲ್ಲಿ ಅಕ್ರಮ ಮರಳು ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿದು ಅವರು ಸತ್ತರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಚಾಲಕನ ಕೈಯಲ್ಲೂ ಇರಲಿಲ್ಲ. ಸ್ಟೇರಿಂಗ್ ಇತ್ತು. ಲಾರಿ ಚಾಲನೆಯ ಪರವಾನಗಿಗೆ ಯಾರೂ ಜೀವಬೆದರಿಕೆಯ ಪುರಾವೆ ಕೇಳುವುದಿಲ್ಲ. ಈ ಸೀಮೆಯಲ್ಲಿ ಕೊಲ್ಲುವ ಸಾಮಾನು ಬಂದೂಕೇ ಆಗಬೇಕಿಲ್ಲ ಎನ್ನುವುದನ್ನು ಮಿರ್ಚಿ ಕರಿಯುತ್ತ ಹೇಳಿಕೊಟ್ಟವರಿಗೆ ಋಣಿ.

ಆದರೂ ಮಾನ್ವಿಗೆ ನಾನು ಬಂದದ್ದು ಬಂದೂಕಿನ ಇನ್ನೊಂದು ಕಥೆಗೆ. ತಾಲೂಕಿನ ಅರೋಲಿ ಗ್ರಾಮದ ಮಾರೆಪ್ಪ, ಕಾಡಿನ ಹೆಸರು ಜಯಣ್ಣ, 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದ ಆರು ಮಾವೋವಾದಿಗಳಲ್ಲಿ ಒಬ್ಬರು. ಮುಂಡಗಾರು ಲತಾ, ಸುಂದರಿ, ವನಜಾಕ್ಷಿ ಮಲೆನಾಡು ಕರಾವಳಿಯ ಕಡೆಯವರು, ಇನ್ನಿಬ್ಬರು ಕೇರಳ ತಮಿಳುನಾಡಿನವರು. ಬಯಲುಸೀಮೆಯವರು ಇವರೊಬ್ಬರೇ. ಅದಕ್ಕೆ ಎರಡು ತಿಂಗಳ ಹಿಂದೆ, 2024ರ ನವೆಂಬರ್ 18ರಂದು, ಹೆಬ್ರಿ ಸಮೀಪದ ಪೀತಬೈಲಿನಲ್ಲಿ ಅವರ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಶರಣಾದವರು ಬರುವಾಗ ಬಂದೂಕು ತಂದಿರಲಿಲ್ಲ. ಕೆಲವು ದಿನದ ಮೇಲೆ ಕೊಪ್ಪ ತಾಲೂಕಿನ ಕಾಡಿನಲ್ಲಿ ಪೊಲೀಸರಿಗೆ ಅವು ಸಿಕ್ಕವು: ಎಕೆ-56, 303 ರೈಫಲುಗಳು, ಒಂದು ನಾಡ ಪಿಸ್ತೂಲು.

ಮಲೆನಾಡಿನ ಹಸಿರಿನಲ್ಲಿ ನಡೆದ ಈ ಕಥೆಗೆ ಬೇರು ಇರುವುದು ಈ ಕರಿಮಣ್ಣಿನಲ್ಲಿ. ಪಕ್ಕದ ಆಂಧ್ರದಿಂದ ಪೀಪಲ್ಸ್ ವಾರ್ ಗುಂಪು ಕರ್ನಾಟಕದಲ್ಲಿ ಮೊದಲು ಕಾಲೂರಲು ನೋಡಿದ್ದು ರಾಯಚೂರು ಜಿಲ್ಲೆಯಲ್ಲಿ. ಗೌಡರ ಜಮೀನು, ಜೀತ, ಕೂಲಿ ಎಂದು ಇಲ್ಲಿ ಮಾತಾಡಿದರೆ ಕೇಳುವ ಕಿವಿಗಳಿದ್ದವು. ಆದರೆ ಅಡಗಲು ಕಾಡಿರಲಿಲ್ಲ. ಜೋಳದ ಹೊಲ ಎಷ್ಟು ದಿನ ಬಚ್ಚಿಟ್ಟೀತು? ಕಾಡು ಹುಡುಕಿಕೊಂಡು ಅವರು ಪಶ್ಚಿಮಕ್ಕೆ ಹೋದರು. ಹೋದವರಲ್ಲಿ ಇಲ್ಲಿಯ ದಲಿತ, ಹಿಂದುಳಿದ ಮನೆಗಳ ಹುಡುಗರಿದ್ದರು, ಎಲ್ಲರೂ ಬದುಕಿ ಬರಲಿಲ್ಲ. ಬಂದೂಕಿನಿಂದ ಇವರ ಮನೆಯ ಬಡತನ ಒಂದು ಗೇಣೂ ಕಡಿಮೆಯಾಗಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಅದೇ ಊರಿನಲ್ಲಿ ಕೂಲಿ ಕೇಳಿದವನಿಗೆ ಠಾಣೆಯ ಬಾಗಿಲಲ್ಲಿ ಸಿಕ್ಕ ಉತ್ತರವೇನು ಎಂದೂ ಕೇಳಬೇಕು. ಅರೋಲಿಯ ಕಡೆಯ ಹಿರಿಯರೊಬ್ಬರು ಬಸ್ಸಿನಲ್ಲಿ ಹೇಳಿದ್ದು ಇಷ್ಟೇ: “ಹೋದಾಗ ಯಾರೂ ಕೇಳಲಿಲ್ರಿ. ಬಂದಾಗ ಟಿವಿಯವ್ರು ಬಂದ್ರು.”

ಸಿರವಾರದ ಮೇಲೆ ದೇವದುರ್ಗ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ 39 ತಾಲೂಕುಗಳಲ್ಲಿ ಇದೂ ಒಂದು. ಸಂಜೆಯಾದರೆ ಬೆಂಗಳೂರು ಬಸ್ಸುಗಳಿಗೆ ಗಂಟುಮೂಟೆ ಹತ್ತುತ್ತವೆ. ಕೂಸುಗಳು ಅರ್ಧ ನಿದ್ದೆಯಲ್ಲಿ. ಕಟ್ಟಡದ ಕೆಲಸಕ್ಕೆ ಹೋಗುವ ಮಂದಿ.

ಇಲ್ಲಿ ಬಹಿರಂಗವಾಗಿ ಬಂದೂಕು ಹಿಡಿದು ನಿಂತವರನ್ನು ಕೊನೆಗೂ ಕಂಡೆ, ಬ್ಯಾಂಕಿನ ಬಾಗಿಲಲ್ಲಿ. ಸೈನ್ಯದಿಂದ ನಿವೃತ್ತರಾದ ಗಾರ್ಡು. ಕೈಯಲ್ಲಿ ಜೋಡುನಳಿಗೆಯ 12 ಬೋರ್. ಮರದ ಹಿಡಿ ಕೈಯ ಬೆವರಿಗೆ ಕಪ್ಪಾಗಿ ಹೊಳೆಯುತ್ತಿತ್ತು, ಪಟ್ಟಿ ಹರಿದ ಕಡೆ ನೈಲಾನ್ ದಾರದಲ್ಲಿ ಹೊಲಿದಿದ್ದರು. ತೋಟಾಗಳು ಸೊಂಟದ ಪಟ್ಟಿಯಲ್ಲಿ. ಒಂದು ತೋಟಾದ ಹಿತ್ತಾಳೆ ತಳ ಹಸಿರುಗಟ್ಟಿತ್ತು. ಊಟದ ಬಿಡುವಿನಲ್ಲಿ ಮಾತಿಗೆ ಸಿಕ್ಕರು. ಬಂದೂಕು ಅವರ ಸ್ವಂತದ್ದು, ಪರವಾನಗಿಯೂ. ಬಂದೂಕಿದ್ದ ಗಾರ್ಡಿಗೆ ಸಂಬಳ ಒಂದಿಷ್ಟು ಜಾಸ್ತಿ, ಬರಿಗೈಯವನಿಗೆ ಕಡಿಮೆ.

“ಹಾರಿಸೀರೇನ್ರೀ ಯಾವಾಗರ?”

“ಇಲ್ಲಿ? ಛೆ. ಚೆಕ್ ಬರಿಯಾಕ ಪೆನ್ನ ಕೊಡೂದೇ ನನ್ನ ದೊಡ್ಡ ಕೆಲಸ.”

ಚುನಾವಣೆ ಬಂದರೆ ಊರಿನ ಪರವಾನಗಿದಾರರೆಲ್ಲ ಬಂದೂಕು ತಂದು ಠಾಣೆಯಲ್ಲಿ ಇಡಬೇಕು. ಕುದುರೆಗೆ ಬೀಗ ಹಾಕಿ, ಹೆಸರು ಬರೆದ ಚೀಟಿ ದಾರದಲ್ಲಿ ಕಟ್ಟಿ, ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಾರೆ, ರಸೀದಿ ಕೊಡುತ್ತಾರೆ. ಬ್ಯಾಂಕಿನವರಿಗೆ ಪತ್ರ ತೋರಿಸಿದರೆ ವಿನಾಯಿತಿ. ಆ ಪತ್ರವನ್ನು ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯ ಕಿಸೆಯಲ್ಲೇ ಇಟ್ಟುಕೊಂಡಿದ್ದರು. “ಇದಿಲ್ಲದ ಇದನ್ನ ಹಿಡಕೊಂಡ್ರ ನಾನೂ ಕಳ್ಳನ ರೀ,” ಎಂದು ಕಾಗದ, ಬಂದೂಕು ಎರಡನ್ನೂ ಮುಟ್ಟಿ ತೋರಿಸಿದರು.

ಅವರು ಬೇಡ ನಾಯಕ ಸಮುದಾಯದವರು. ಕೃಷ್ಣೆ ದಾಟಿದರೆ ತಿಂಥಣಿ, ಅದರಾಚೆ ಸುರಪುರ. ಈ ದಂಡೆಯವರಿಗೂ ಸುರಪುರದ ಕಥೆ ಮನೆಯ ಕಥೆಯೇ. ರಾಜಾ ವೆಂಕಟಪ್ಪ ನಾಯಕ ಏಳು ವರ್ಷದ ಹುಡುಗನಿದ್ದಾಗಿನಿಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವನನ್ನು ಬೆಳೆಸಿದ, ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ಕಾದಾಡಿ ಸೋತ ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಇಳಿದು ಸೆರೆವಾಸವಾಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿ, ಡೇರೆಯಲ್ಲಿ, ಕಾವಲಿನ ಅಧಿಕಾರಿ ಕುರ್ಚಿಗೆ ನೇತುಹಾಕಿದ್ದ ರಿವಾಲ್ವರಿನ ಗುಂಡಿಗೆ ಸತ್ತ. ಆಗಿನ್ನೂ ಇಪ್ಪತ್ತನಾಲ್ಕರ ಹರೆಯ. ತಾನೇ ಹೊಡೆದುಕೊಂಡ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ. ಗಾರ್ಡು ತಲೆ ಅಲ್ಲಾಡಿಸಿದರು: “ಕೈದಿ ಮುಂದ ರಿವಾಲ್ವರ್ ಬಿಟ್ಟು ಮಾರಿ ತೊಳಿಯಾಕ ಹೋಗೂ ಸಾಹೇಬ ಎಲ್ಲಿ ಇರ್ತಾನ್ರೀ? ನಾ ಮಿಲಿಟರ್ಯಾಗ ಇದ್ದಾಂವ.” ಆ ಮಾತನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಪೊಲೀಸರ ಕಾವಲಲ್ಲಿ ಸತ್ತವರ ಬಗ್ಗೆ ಇಂದಿಗೂ ನಮಗೆ ಸಿಗುವುದು ಕಾವಲಿನವರ ಬರಹವೇ.

ಸುರಪುರದ ಕಾದಾಟಕ್ಕೆ ಕೆಲವು ತಿಂಗಳ ಹಿಂದೆ, 1857ರ ನವೆಂಬರ್‌ನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ನಿಶ್ಶಸ್ತ್ರೀಕರಣದ ಕಾಯ್ದೆ ಆಗಷ್ಟೇ ಬಂದಿತ್ತು. ಬೇಡನ ಕೈಯಿಂದ ಕೋವಿ ಕಿತ್ತರೆ ಅವನಿಗೆ ಬೇಟೆಯಿಲ್ಲ, ಕಾವಲಿನ ಚಾಕರಿಯಿಲ್ಲ, ಊರಲ್ಲಿ ಮಾನವಿಲ್ಲ. ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದ ನಮ್ಮ ಶಾಲೆಯ ಮಕ್ಕಳಿಗೂ ಈ ಕಥೆ ಗೊತ್ತು. ಇದರ ಇನ್ನೊಂದು ತುದಿ ಅಷ್ಟಾಗಿ ಗೊತ್ತಿಲ್ಲ. 1861ರಲ್ಲಿ ಅದೇ ಕಾಯ್ದೆಯಿಂದ ಕೊಡವರಿಗೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ, ಅವರ ನಿಷ್ಠೆಗೆ ಮೆಚ್ಚಿ. ಆ ವಿನಾಯಿತಿ ಇಂದಿಗೂ ನಡೆದಿದೆ, 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೊಡಗಿನ ಮನೆಯಲ್ಲಿ ಕೈಲ್‌ಪೊಳ್ದಿಗೆ ಕೋವಿಗೆ ಹೂ ಮುಡಿಸುವುದನ್ನು ನಾನು ಗೌರವದಿಂದಲೇ ನೋಡಿದ್ದೇನೆ. ಆದರೆ ಒಂದೇ ಕಾಯ್ದೆ, ಒಂದೇ ದಶಕ. ಒಬ್ಬರ ಕೋವಿ ಸಂಸ್ಕೃತಿಯಾಗಿ ಉಳಿಯಿತು, ಇನ್ನೊಬ್ಬರದು ಅಪರಾಧವಾಗಿ ಹೋಯಿತು. ಇದನ್ನು ಹೇಳಿದಾಗ ಗಾರ್ಡು ಬಹಳ ಹೊತ್ತು ಏನೂ ಮಾತಾಡದೆ, “ನಮ್ಮ ಹುಡುಗ್ರು ಪಿಸ್ತೂಲ ಫೋಟೊ ಹಾಕೂದಕ್ಕ ಬೈತಿದ್ದೆ,” ಎಂದರು. “ಇನ್ನೂ ಬೈತೀನಿ, ಅದು ಬ್ಯಾರೆ.”

ಅವರ ಮಗ ಪೊಲೀಸ್ ಆಗಬೇಕೆಂದು ತಯಾರಿ ನಡೆಸಿದ್ದಾನೆ. ಮರುದಿನ ನಸುಕಿನಲ್ಲಿ ಮೈದಾನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಐವತ್ತು ಅರವತ್ತು ಹುಡುಗರು, ಒಂದು ಮೂಲೆಯಲ್ಲಿ ಏಳೆಂಟು ಹುಡುಗಿಯರು. ಕೆಲವರಿಗೆ ಬೂಟು, ಉಳಿದವರು ಬರಿಗಾಲು. ಸಿವಿಲ್ ಕಾನ್‌ಸ್ಟೆಬಲ್ ಆಗಲು ಗಂಡಸರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಎತ್ತರ 168 ಸೆಂಟಿಮೀಟರ್ ಇರಬೇಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದವರಿಗೆ ಮೀಸಲು ಹುದ್ದೆಗಳ ಆಸೆಯೂ ಹುಟ್ಟಿದೆ. ಕಾನೂನಿನ ಒಳಗಿದ್ದುಕೊಂಡೇ ಸೊಂಟಕ್ಕೆ ಪಿಸ್ತೂಲು ಬರಲು ದೇವದುರ್ಗದ ಬಡವನ ಮಗನಿಗೆ ಇರುವ ದಾರಿ ಈ ಮೈದಾನದ ಸುತ್ತಲಿನದೇ.

ಅದೂ ಅಷ್ಟು ನೆಟ್ಟಗಿಲ್ಲ. ಓಡಿ ಬಂದು ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದ ಒಬ್ಬ, ಉಳಿದವರಿಗಿಂತ ವಯಸ್ಸಾದವನು, 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಬರೆದಿದ್ದನಂತೆ. ಕಲಬುರಗಿಯ ಪರೀಕ್ಷಾ ಕೇಂದ್ರವೊಂದರ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತ್ತು. ಆಮೇಲೆ ನೇಮಕಾತಿ ವಿಭಾಗದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. ನಡುವಿನ ಎರಡು ವರ್ಷ ಅವನು ಬೆಂಗಳೂರಿನ ಯಲಹಂಕದಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದ.

“ಮರುಪರೀಕ್ಷಾಕ ಓದಾಕ ಆಗಲಿಲ್ರಿ. ಕೈಯಾಗ ಪುಸ್ತಕ ಹಿಡಿದ್ರ ಸಿಮೆಂಟ್ ವಾಸನಿ.”

“ರೊಕ್ಕ ಕೊಟ್ಟು ಪಿಎಸ್‌ಐ ಆಗಾಕ ಹೊಂಟಿದ್ದವ್ರ ಮ್ಯಾಲೆ ಸಿಟ್ಟಿಲ್ಲೇನು?”

“ಸಿಟ್ಟಲ್ಲ ಸರ. ಆ ಪರೀಕ್ಷೆ ರದ್ದಾಗದಿದ್ರ ಅವ್ರೇ ಇವತ್ತು ಠಾಣ್ಯಾಗ ಕುಂತು, ನಿನ್ನ ಡಿಪಿ ತಗಿ ಅಂತ ನಮ್ಮ ತಮ್ಮಗ ಹೊಡೀತಿದ್ರು.”

ಗಾರ್ಡಿನ ಮಗನ ಸುತ್ತು ಅಷ್ಟರಲ್ಲಿ ಮುಗಿಯಿತು. ಅಪ್ಪ ಮೊಬೈಲಿನ ಗಡಿಯಾರ ನಿಲ್ಲಿಸಿ ನೋಡಿದರು. ಆರು ನಿಮಿಷ ನಲವತ್ತೊಂದು ಸೆಕೆಂಡು. “ಇನ್ನಾ ಹನ್ನೊಂದು ಕಳೀಬೇಕು,” ಎಂದರು ಮಗನಿಗೆ. ಬ್ಯಾಂಕು ತೆಗೆಯುವ ಹೊತ್ತಾಗುತ್ತದೆಂದು ಬಂದೂಕು ತರಲು ಮನೆಯ ಕಡೆ ಹೊರಟರು.